ಪೆದ್ದುಬಾತಿನ ನಕ್ಷತ್ರ

ಶನಿವಾರ ಬೆಳಿಗ್ಗೆ ಅಲೋಯಿಸ್ ತೋಮನ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಈ ಲೋಕದಲ್ಲಿ ತಾನು ಯಾರ್ಯಾರನ್ನು ಲೆಕ್ಕಕ್ಕಿಡುವುದಿಲ್ಲ ಎಂದು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದ. ಹಳೆಯ ಚಾಳಿ. ಹಲ್ಲು ನೋಯುವಾಗ ನಾಲಿಗೆ ಆ ಹಲ್ಲಿನ ಹತ್ತಿರವೇ ಹೋಗುವ ಹಾಗೆ, ಮನಸ್ಸು ಕೆಟ್ಟ ದಿನ ಅವನ ಬುದ್ಧಿ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ತಾನು ಕೆಲಸ ಮಾಡುವ ನೀರು ಸರಬರಾಜು ಕಚೇರಿಯ ಮೇಲಧಿಕಾರಿಗಳು, ತಾನು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಸಾಕು, ತನ್ನನ್ನು ಮಂತ್ರವಾದಿ ಎಂದುಕೊಳ್ಳುವ ಮುಠ್ಠಾಳರು. ತಮ್ಮ ತಂಡದ, ಬ್ರ್ನೋ ನಗರದ ಹಲ್ಲಿನ ಡಾಕ್ಟರು, ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳದ ಹೊಚ್ಚ ಹೊಸ ಗ್ರಾಫಿಕ್ಸ್ ಕಾರ್ಡ್‌ಗಳನ್ನು ತಂದು ಸಾಲಾಗಿ ಜೋಡಿಸಿ, ತಾನು ಇಷ್ಟು ವರ್ಷ ಬೆವರು ಸುರಿಸಿ ಕೂಡಿಸಿದ ಅಂಕಗಳನ್ನು ಒಂದು ಬೇಸಿಗೆಯಲ್ಲಿ ದಾಟಿಹೋದವನು. ಎದುರಿಗೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿರುವ ಹೆಂಡತಿ ಇವೋನಾ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯನ್ನೂ ಎಸೆಯುವವಳು. ಕೊನೆಗೆ, ಎಲ್ಲರ ಕೆಳಗೆ, ನೆಲಮಾಳಿಗೆಗಿಂತ ಒಂದೇ ಮೆಟ್ಟಿಲು ಮೇಲೆ, ಸಲೂನಿನ ಮಿಲಾದಾ. ಬೇರೆ ದಿನ ಈ ಕೊನೆಯ ಹೆಸರಿಗೆ ಬರುವಷ್ಟರಲ್ಲಿ ಅವನ ಎದೆ ಹಗುರಾಗಿರುತ್ತಿತ್ತು. ಇವತ್ತು ಆ ಹೆಸರು ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು.

ಮೇಜಿನ ಮೇಲೆ ಫೋನು ಗುರುಗುಟ್ಟಿತು. ಅವನು ಎತ್ತಲಿಲ್ಲ. ಗುರುಗುಟ್ಟುತ್ತ ಗುರುಗುಟ್ಟುತ್ತ ಅದು ಸಕ್ಕರೆ ಡಬ್ಬಿಯ ತನಕ ತೆವಳಿಕೊಂಡು ಹೋಗಿ ಸುಮ್ಮನಾಯಿತು.

"ಯಾರದು, ಬೆಳಿಗ್ಗೆಯಿಂದ ಇಷ್ಟು ಪ್ರೀತಿ?" ಅಂದಳು ಇವೋನಾ.

"ರಾದಿಮ್."

"ನಿಮ್ಮ ತಂಡದ ನಾಯಕನಾ? ಎತ್ತು. ಪಾಪ, ಯಾವುದಾದ್ರೂ ನಕ್ಷತ್ರ ಬಿದ್ದು ಹೋಗಿರಬೇಕು."

ಅವಳ ತಮಾಷೆಗಳೆಲ್ಲ ಹೀಗೇ, ಕತ್ತಲಲ್ಲಿ ಎಸೆದ ಕಲ್ಲು. ಆದರೆ ಇವತ್ತಿನದು ತಾಗಿತು. ಅವನು ಲೋಟದ ತಳದ ಕಾಫಿ ಚರಟವನ್ನು ಅಲ್ಲಾಡಿಸಿದ. ನಕ್ಷತ್ರ ಬಿದ್ದಿರಲಿಲ್ಲ, ಸಿಕ್ಕಿತ್ತು. ಸತ್ತು ಹೋದ, ಬುಗುರಿಯ ಹಾಗೆ ಗಿರಗಿರ ತಿರುಗುವ, ತಿರುಗಿದಾಗಲೊಮ್ಮೆ ಭೂಮಿಯ ಕಡೆಗೆ ಒಂದು ಮಿಡಿತವನ್ನು ಎಸೆಯುವ ನಕ್ಷತ್ರ. ಅಂಥದೊಂದನ್ನು ಹುಡುಕಲಿಕ್ಕೆಂದೇ ಅವನು ಅರ್ಧ ಆಯುಷ್ಯ ಹಳೆಯ ಕಂಪ್ಯೂಟರ್‌ಗಳ ಧೂಳು ಕುಡಿದಿದ್ದ. ದೂರದ ವಿಜ್ಞಾನಿಗಳು ತಮ್ಮ ದೊಡ್ಡ ರೇಡಿಯೊ ದೂರದರ್ಶಕ ಕೇಳಿಸಿಕೊಂಡಿದ್ದನ್ನೆಲ್ಲ ಚೂರು ಮಾಡಿ ಲೋಕದ ಸಾವಿರಾರು ಮನೆಗಳಿಗೆ ಹಂಚುತ್ತಿದ್ದರು. ಮನೆಯ ಮೂಲೆಯ ಕಂಪ್ಯೂಟರು ತನ್ನ ಪಾಲಿನ ಚೂರನ್ನು ಜರಡಿ ಹಿಡಿದು ವಾಪಸ್ಸು ಕಳಿಸುತ್ತಿತ್ತು. ಬಿಟ್ಟಿ ಕೆಲಸ. ಕೂಲಿಯೆಂದರೆ ಅಂಕ, ಅಂಕಗಳ ಪಟ್ಟಿಯಲ್ಲಿ ಒಂದು ಸ್ಥಾನ, ಮತ್ತು ಯಾರಿಗೂ ಹೇಳಿಕೊಳ್ಳಲಾಗದ ಒಂದು ಆಸೆ. ಕಚೇರಿ ಎಸೆದ ಡಬ್ಬಗಳನ್ನು ಅವನು ಮನೆಗೆ ಹೊತ್ತು ತಂದ. ಪಡ್ಡೆ ಹುಡುಗರು ಆಟಕ್ಕೆ ಸಾಲದೆಂದು ಮಾರಿದ ಕಾರ್ಡ್‌ಗಳನ್ನು ಒಂದು ಊಟದ ಬೆಲೆಗೆ ಕೊಂಡ. ಫ್ಯಾನು ಮುರಿದಿದ್ದರೆ ಬೇರೆಯದರ ಫ್ಯಾನು ತಂದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದ. ಹೊಸದು ಕೊಳ್ಳುವವನು ಗಿರಾಕಿ, ಹಳೆಯದನ್ನು ದುಡಿಸುವವನು ಮಾತ್ರ ವಿಜ್ಞಾನಿ ಎಂದು ತಂಡದ ಆನ್‌ಲೈನ್ ಹರಟೆಕಟ್ಟೆಯಲ್ಲಿ ಬರೆದ. ಹಲ್ಲಿನ ಡಾಕ್ಟರು ಅದರ ಕೆಳಗೆ ನಗುವ ಮುಖವೊಂದನ್ನು ಹಾಕಿ ಹೋಗಿದ್ದ, ಅಷ್ಟೇ.

ನಿನ್ನೆ ಸಂಜೆ ಬಂದ ಮೇಲ್ ಅವನ ಹೆಸರಿಗೆ ಬಂದದ್ದಲ್ಲ. ಮಿಲಾದಾಳ ಹೆಸರಿನಲ್ಲಿ ಅವನೇ ಹುಟ್ಟಿಸಿ, ಅವನೊಬ್ಬನೇ ತೆರೆಯುತ್ತಿದ್ದ ಮೇಲ್‌ಪೆಟ್ಟಿಗೆಗೆ ಬಂದದ್ದು. ತುಂಬ ಮರ್ಯಾದೆಯ ಇಂಗ್ಲಿಷು. ನಿಮ್ಮ ಕಂಪ್ಯೂಟರು ಕಳಿಸಿದ ಫಲಿತಾಂಶದಲ್ಲಿ ಇದುವರೆಗೆ ಯಾರಿಗೂ ತಿಳಿಯದ ಒಂದು ಮಿಡಿಯುವ ನಕ್ಷತ್ರ ಕಂಡಿದೆ. ನಾವು ಬೇರೆ ದೂರದರ್ಶಕದಿಂದ ಖಚಿತಪಡಿಸಿಕೊಂಡಿದ್ದೇವೆ. ನಮ್ಮ ಪ್ರಬಂಧದಲ್ಲಿ ನಿಮಗೆ ಹೆಸರು ಹಿಡಿದು ಕೃತಜ್ಞತೆ ಹೇಳಬೇಕು. ಸದ್ಯಕ್ಕೆ ನಮ್ಮ ಪುಟದಲ್ಲಿ ನಿಮ್ಮ ಖಾತೆಯ ಹೆಸರನ್ನು ಮಾತ್ರ ಹಾಕಿದ್ದೇವೆ, ನಿಜವಾದ ಹೆಸರನ್ನು ತಿಳಿಸಿದರೆ ಅದರ ಪಕ್ಕದಲ್ಲೇ ಸೇರಿಸುತ್ತೇವೆ. ಅವನು ಪುಟಕ್ಕೆ ಹೋಗಿ ನೋಡಿದ್ದ. ಆಕಾಶದ ನಕಾಶೆ, ಅಂಕಿಗಳಲ್ಲಿ ನಕ್ಷತ್ರದ ವಿಳಾಸ, ಅದರ ಕೆಳಗೆ ಕಂಡುಹಿಡಿದವರು: ಪೆದ್ದುಬಾತು, ಚೆಕ್ ದೇಶ.

ಹೆಂಗಸನ್ನು ಬೈಯಲು ಈ ಸೀಮೆಯಲ್ಲಿ ಅದಕ್ಕಿಂತ ಸೋವಿ ಮಾತಿಲ್ಲ. ಬಸ್ಸಿನಲ್ಲಿ ಕಾಲು ತುಳಿದವಳೂ ಪೆದ್ದುಬಾತು, ಕೌಂಟರಿನಲ್ಲಿ ತಡ ಮಾಡಿದವಳೂ ಪೆದ್ದುಬಾತು. ಖಾತೆಯ ಹೆಸರೆಂದು ಅವನು ಅದನ್ನು ಟೈಪು ಮಾಡಿದಾಗ ಕೋಪವೂ ಇರಲಿಲ್ಲ. ಕೋಪವಾದರೂ ಇದ್ದಿದ್ದರೆ ಇವತ್ತು ಆತುಕೊಳ್ಳಲು ಒಂದು ಗೋಡೆ ಇರುತ್ತಿತ್ತು. ತಂಡಕ್ಕೆ ಹೊಸ ಸದಸ್ಯರನ್ನು ಕರೆತನ್ನಿ ಎಂದು ಆ ಚಳಿಗಾಲದಲ್ಲಿ ರಾದಿಮ್ ಗಂಟು ಬಿದ್ದಿದ್ದ. ಮನೆಯಲ್ಲಿ ಮೂರನೇ ಡಬ್ಬ ಹೊತ್ತಿಸಿದರೆ ಫ್ಯೂಸು ಹಾರುತ್ತಿತ್ತು. ಅವರ ಕಟ್ಟಡದ ನೆಲಮಟ್ಟದಲ್ಲೇ ಸಲೂನು. ಅದರ ಹಿಂದಿನ ಮೂಲೆ ಹಿಮದ ಗುಂಡಿ, ಗಿರಾಕಿಗಳ ಕಾಲು ಮರಗಟ್ಟುತ್ತದೆ ಎಂದು ಮಿಲಾದಾ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಇವನು ಹೋಗಿ, ಒಂದು ಡಬ್ಬ ಇಲ್ಲಿಡುತ್ತೇನೆ, ವಿಜ್ಞಾನಕ್ಕೂ ಉಪಕಾರ, ನಿಮ್ಮ ಕಾಲಿಗೂ ಬಿಸಿ ಅಂದ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಅವನು ವಿವರಿಸುತ್ತಿದ್ದ, ಬೇಸರಪಡುತ್ತಿದ್ದ, ಆಗಲೂ ಬಾತು ಎಂದೇ ಅಂದುಕೊಳ್ಳುತ್ತಿದ್ದ. "ಇಂಜಿನಿಯರ್ ಸಾಹೇಬ್ರು ಹೇಳಿದ ಮೇಲೆ ಇನ್ನೇನು" ಅಂದಳು. ಅವನು ಇಂಜಿನಿಯರನಲ್ಲ. ಓದನ್ನು ಮೂರನೇ ವರ್ಷಕ್ಕೇ ಬಿಟ್ಟವನು. ಇದನ್ನು ಅವಳಿಗೆ ಹೇಳುವ ಅವಕಾಶ ಪ್ರತಿ ತಿಂಗಳೂ ಬರುತ್ತಿತ್ತು, ಪ್ರತಿ ತಿಂಗಳೂ ಅವನು ತಲೆ ಬಗ್ಗಿಸಿ ಕತ್ತರಿಗೆ ಒಡ್ಡಿ ಸುಮ್ಮನಿರುತ್ತಿದ್ದ. ಡಬ್ಬ ಇಟ್ಟು ಬಂದ ಮೇಲೆ ಹರಟೆಕಟ್ಟೆಯಲ್ಲಿ ಬರೆದ: ನಮ್ಮ ಕೆಳಗಿನ ಕ್ಷೌರದಂಗಡಿಯ ಬಾತನ್ನು ವಿಜ್ಞಾನಕ್ಕೆ ಸೇರಿಸಿದ್ದೇನೆ, ಕಾಲು ಬೆಚ್ಚಗಾದರೆ ಮೊಟ್ಟೆಯಿಟ್ಟರೂ ಇಟ್ಟೀತು. ಹಲ್ಲಿನ ಡಾಕ್ಟರು ಕೂಡ ಮೆಚ್ಚಿದ್ದ.

ಈಗ ಮೊಟ್ಟೆ ಇಟ್ಟಿತ್ತು.

ಯಾರದು ಈ ನಕ್ಷತ್ರ? ರಾತ್ರಿಯಿಡೀ ಕೇಳಿಕೊಂಡ ಪ್ರಶ್ನೆಯನ್ನು ಅವನು ಮತ್ತೆ ಎತ್ತಿಕೊಂಡ, ವಕೀಲನ ಗತ್ತಿನಲ್ಲಿ. ಡಬ್ಬ ನನ್ನದು, ಕಾರ್ಡು ನನ್ನದು, ಪ್ಲಾಸ್ಟಿಕ್ ಪಟ್ಟಿ ಬಿಗಿದ ಬೆರಳು ನನ್ನದು. ಅವಳದೇನು? ಒಂದು ಪ್ಲಗ್ಗಿನ ತೂತು, ಒಂದು ಮೂಲೆ. ತೂತು ನಕ್ಷತ್ರವನ್ನು ಕಂಡುಹಿಡಿಯುತ್ತದೆಯೇ? ಹಾಗಾದರೆ ಇಗೋ, ನಾನು ಅಲೋಯಿಸ್ ತೋಮನ್ ಎಂದು ಬರೆದುಬಿಡು. ಬರೆದರೆ ಪುಟದಲ್ಲಿ ಹೇಗೆ ಬರುತ್ತದೆ? ಪೆದ್ದುಬಾತು, ಅಲೋಯಿಸ್ ತೋಮನ್. ಎರಡೂ ಅಕ್ಕಪಕ್ಕ, ಗಂಡಹೆಂಡಿರ ಹಾಗೆ, ಲೋಕ ಇರುವ ತನಕ. ಬ್ರ್ನೋದ ಡಾಕ್ಟರು ಅದನ್ನು ಚೌಕಟ್ಟು ಹಾಕಿಸಿ ತನ್ನ ಗಿರಾಕಿಗಳು ಬಾಯಿ ತೆರೆದು ಕೂರುವ ಕುರ್ಚಿಯ ಎದುರಿಗೆ ತೂಗುಹಾಕುತ್ತಾನೆ. ಇನ್ನು ಅವಳ ಹೆಸರು ಬರೆದರೆ, ಒಂದಲ್ಲ ಒಂದು ದಿನ ಅವಳು ಪುಟ ನೋಡುತ್ತಾಳೆ. ನೋಡಿ, ತನ್ನ ಹೆಸರಿನ ಪಕ್ಕದಲ್ಲಿರುವುದನ್ನೂ ಓದುತ್ತಾಳೆ. ಉಳಿದದ್ದು ಮೂರನೆಯ ದಾರಿ: ಉತ್ತರವನ್ನೇ ಕೊಡದೆ ಇರುವುದು. ಬಾತು ಬಾತಾಗಿಯೇ ಇರುತ್ತದೆ, ಯಾವ ಬಾತೆಂದು ಯಾರಿಗೂ ತಿಳಿಯುವುದಿಲ್ಲ. ಈ ದಾರಿ ಅವನಿಗೆ ಹಿಡಿಸಿತ್ತು. ಅದರಲ್ಲೊಂದು ತ್ಯಾಗದ ವಾಸನೆಯೂ ಇತ್ತು. ತನಗೂ ಬೇಡವೆಂದ ಮೇಲೆ ಅವಳಿಗೂ ಇಲ್ಲ.

"ಕೂದಲು ಕತ್ತರಿಸಿಕೊಂಡು ಬರ್ತೀನಿ" ಎಂದು ಎದ್ದ.

ಇವೋನಾ ಅವನ ನೆತ್ತಿಯನ್ನು ನೋಡಿದಳು. "ಯಾವುದನ್ನ?" ಅಂದಳು.

ಮೆಟ್ಟಿಲಿಳಿಯುವಾಗ ಅವನಿಗೆ ತನ್ನ ಉದ್ದೇಶ ತನಗೇ ಸ್ಪಷ್ಟವಿರಲಿಲ್ಲ. ಡಬ್ಬವನ್ನು ಏನಾದರೂ ನೆಪ ಹೇಳಿ ಎತ್ತಿಕೊಂಡು ಬಂದುಬಿಡಬೇಕು, ಕೆಟ್ಟಿದೆ, ಬೆಂಕಿ ಹೊತ್ತಿಕೊಳ್ಳಬಹುದು ಎಂದರೆ ಹೆದರುತ್ತಾಳೆ ಎಂಬಷ್ಟು ಮಾತ್ರ ಗೊತ್ತಿತ್ತು. ಕೊಲೆಗಾರ ಕೊಂದ ಜಾಗಕ್ಕೆ ಮತ್ತೆ ಬರುತ್ತಾನಂತೆ. ಬರುವುದು ಪಶ್ಚಾತ್ತಾಪಕ್ಕಲ್ಲ, ಏನಾದರೂ ಬಿಟ್ಟುಬಂದೆನೋ ಎಂದು ನೋಡಲಿಕ್ಕೆ.

ಸಲೂನಿನಲ್ಲಿ ಅಮೋನಿಯಾ, ಸುಟ್ಟ ಕೂದಲು, ಕಾಫಿ, ಮೂರೂ ಬೆರೆತ ಬಿಸಿ ವಾಸನೆ. ಮೂಲೆಯಲ್ಲಿ ಮುದುಕಿ ಹೆದ್ವಿಕಾ ತಲೆತುಂಬ ಸುರುಳಿ ಕಟ್ಟಿಸಿಕೊಂಡು, ಕೂದಲು ಒಣಗಿಸುವ ಯಂತ್ರದ ಗುಮ್ಮಟದೊಳಗೆ ತಲೆಯಿಟ್ಟು, ಚರ್ಚಿನ ಮೂರ್ತಿಯ ಹಾಗೆ ಕೂತಿದ್ದಳು. ಅವಳ ಕಾಲ ಬುಡದಲ್ಲಿ ಅವನ ಡಬ್ಬ. ಹೆದ್ವಿಕಾ ಚಪ್ಪಲಿ ಬಿಟ್ಟು, ಉಣ್ಣೆಯ ಕಾಲುಚೀಲದ ಪಾದಗಳನ್ನು ಅದರ ಬಿಸಿ ಗಾಳಿ ಹೊರಬರುವ ಕಡೆಗೆ ಒಡ್ಡಿದ್ದಳು. ನಕ್ಷತ್ರವನ್ನು ಕಂಡ ಯಂತ್ರದ ಮೇಲೆ ಒದ್ದೆ ಟವಲು ಒಣಗುತ್ತಿತ್ತು.

"ಬನ್ನಿ ಬನ್ನಿ, ಇಂಜಿನಿಯರ್ ಸಾಹೇಬ್ರೆ" ಅಂದಳು ಮಿಲಾದಾ. "ನಿಮ್ಮ ಡಬ್ಬ ಇವತ್ತು ಬೆಳಿಗ್ಗೆಯಿಂದ ಜೋರಾಗಿ ಉಸಿರಾಡ್ತಿದೆ. ಕೂದಲು ಸಿಕ್ಕೊಂಡಿದೆಯೇನೋ ಅಂತ ಬ್ರಷ್ ಹಾಕಿದೆ, ಆದ್ರೂ ನಿಲ್ಲಲಿಲ್ಲ."

"ಬ್ರಷ್ ಹಾಕಿದ್ರಾ?"

"ದಿನಾ ಹಾಕ್ತೀನಲ್ಲ. ಕತ್ತು ಝಾಡಿಸೋ ಬ್ರಷ್ಷು, ಮೆತ್ತಗಿರುತ್ತೆ. ಇಲ್ಲಾಂದ್ರೆ ಎಲ್ಲರ ಕೂದಲೂ ಅದರ ಹೊಟ್ಟೆಗೇ. ಬೆಳಿಗ್ಗೆ ಬಂದ ತಕ್ಷಣ ಮೊದಲು ಅದನ್ನ ಹಚ್ಚೋದು, ಆಮೇಲೆ ಕಾಫಿ ನೀರು. ಕೂತ್ಕೊಳ್ಳಿ."

ಅವನಿಗೆ ಇದು ಗೊತ್ತಿರಲಿಲ್ಲ. ಆರಂಭದಲ್ಲಿ ಒಂದೆರಡು ಸಲ ಅವನೇ ಬಂದು ಫ್ಯಾನಿಗೆ ಸುತ್ತಿದ ಕೂದಲನ್ನು, ಕೆಂಪು ಬಿಳಿ ಕಪ್ಪು ಹೆಂಗಸರ ಕೂದಲಿನ ಉಂಡೆಯನ್ನು, ಅಸಹ್ಯಪಟ್ಟುಕೊಂಡು ಕಿತ್ತಿದ್ದ. ಆಮೇಲೆ ಆ ಕೆಲಸವನ್ನೇ ಬಿಟ್ಟಿದ್ದ. ಈ ಸೋವಿ ಡಬ್ಬ ಇಷ್ಟು ಕಾಲ ಹೇಗೆ ಸಾಯದೆ ಉಳಿಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತನ್ನ ಕೈಗುಣ ಎಂದುಕೊಂಡಿದ್ದ. ಮನೆಯಲ್ಲಿ ಅವನದೇ ಕೈಯ ಎರಡು ಕಾರ್ಡು ಧೂಳು ಕಟ್ಟಿ ಸುಟ್ಟುಹೋಗಿದ್ದು ಈಗ ನೆನಪಾಯಿತು. ಅವನು ಅದನ್ನು ತಳ್ಳಿಹಾಕಿದ. ಬ್ರಷ್ ಹಾಕುವುದು ವಿಜ್ಞಾನವಲ್ಲ. ಹಸುವಿನ ಮೈ ಉಜ್ಜಿದವನು ಹಾಲನ್ನು ಕಂಡುಹಿಡಿದ ಹಾಗಾಯಿತು.

ಬಿಳಿ ಬಟ್ಟೆ ಅವನ ಕತ್ತನ್ನು ಸುತ್ತಿಕೊಂಡಿತು. ಕನ್ನಡಿಯಲ್ಲಿ ಮೈಯಿಲ್ಲದ ಒಂದು ತಲೆ, ಅದರ ಹಿಂದೆ ಮಿಲಾದಾಳ ದಪ್ಪ ತೋಳು. ಅವಳ ಕೂದಲಿಗೆ ಈ ತಿಂಗಳು ಬದನೆಕಾಯಿಯ ಬಣ್ಣ. ಅವನು ಮೂಗಿನಲ್ಲೇ ನಕ್ಕ. ಇವಳಿಗೆ ಹೇಳಿದರೂ ಏನು ತಿಳಿಯುತ್ತದೆ? ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ. ರಾಶಿ ನಕ್ಷತ್ರವೇ ಎನ್ನುತ್ತಾಳೆ; ನನ್ನದು ತುಲಾ, ಇದು ಯಾವುದು ಎನ್ನುತ್ತಾಳೆ. ತಾನು ಯಾರಿಂದಲೂ ಏನನ್ನೂ ಕಿತ್ತುಕೊಳ್ಳುತ್ತಿಲ್ಲ; ಬೇಕೆಂದು ಗೊತ್ತೇ ಇಲ್ಲದವರಿಂದ ಕಿತ್ತುಕೊಳ್ಳುವುದು ಹೇಗೆ? ಹೀಗೆ ಅಂದುಕೊಳ್ಳುತ್ತಿದ್ದಾಗ ಕತ್ತರಿ ಎಡಗಿವಿಯ ಹಿಂದೆ ಕಿಚಿಕಿಚಿ ಎನ್ನುತ್ತಿತ್ತು. ಅವನಿಗೆ ಹಿತವಾಗಿತ್ತು. ಈ ಊರಿನಲ್ಲಿ ಅವನನ್ನು ಮೆತ್ತಗೆ ಮುಟ್ಟುವ ಕೈ ಇದೊಂದೇ ಎಂಬುದನ್ನು ಅವನು ಎಂದೂ ಒಪ್ಪಿಕೊಂಡಿರಲಿಲ್ಲ.

"ಆ ಡಬ್ಬ" ಎಂದು ಶುರುಮಾಡಿದ. "ಹಳೇದಾಯ್ತು. ಒಂದು ದಿನ ಬೆಂಕಿ ಗಿಂಕಿ ಹತ್ತೀತು. ತಗೊಂಡು ಹೋಗ್ತೀನಿ."

"ಅಯ್ಯೋ, ಈಗಲೇ ಬೇಡ. ಹೆದ್ವಿಕಾ ಅಜ್ಜಿ ಬರೋದೇ ಅದಕ್ಕೆ. ಅಲ್ವಾ ಅಜ್ಜಿ?"

"ಏನು?" ಅಂದಳು ಗುಮ್ಮಟದೊಳಗಿಂದ ಹೆದ್ವಿಕಾ.

"ಡಬ್ಬ! ಇಂಜಿನಿಯರ್ ಸಾಹೇಬ್ರು ತಗೊಂಡು ಹೋಗ್ತಾರಂತೆ!"

"ಹೋಗಲಿ ಬಿಡು, ಗಂಡಸರು ಇರೋದೇ ಹಾಗೆ" ಅಂದಳು ಮುದುಕಿ, ಏನು ಕೇಳಿಸಿತೋ.

ಬಾಗಿಲ ಗಂಟೆ ಕಿಣಿ ಅಂದಿತು. ಒಳಗೆ ಬಂದವಳು ಹೆಗಲಿಗೆ ಚೀಲ, ಕೈಯಲ್ಲಿ ಮೈಕು ಹಿಡಿದ ಹೆಂಗಸು, ಗಿಡ್ಡ ಕೂದಲು, ಓಡಿ ಬಂದ ಏದುಸಿರು. ತಾನು ಬ್ರ್ನೋದ ರೇಡಿಯೊದವಳು ಎಂದಳು. ನಕ್ಷತ್ರ ಕಂಡುಹಿಡಿದ ಸಲೂನು ಇದೇನಾ ಎಂದು ಕೇಳಿದಳು, ಹಾಲಿನ ಅಂಗಡಿ ಇದೇನಾ ಎಂದು ಕೇಳುವಷ್ಟು ಸಲೀಸಾಗಿ.

ರಾದಿಮ್. ಬೆಳಿಗ್ಗೆಯಿಂದ ಫೋನು ಮಾಡಿದ್ದು ಇದಕ್ಕೆ. ಇವನು ಎತ್ತಲಿಲ್ಲವೆಂದು ಅವನು ತಾನೇ ಅಂಗಡಿಯ ಜಾಡು ಹಿಡಿದು ರೇಡಿಯೊದವರಿಗೆ ತಿಳಿಸಿದ್ದಾನೆ. ಕೆಳಗಿನ ಕ್ಷೌರದಂಗಡಿ ಎಂದು ಹರಟೆಕಟ್ಟೆಯಲ್ಲಿ ಬರೆದವನು ತಾನೇ ತಾನೆ. ಅಲೋಯಿಸನ ಕೈಗಳು ಬಟ್ಟೆಯ ಕೆಳಗೆ ಒಂದನ್ನೊಂದು ಹಿಡಿದುಕೊಂಡವು.

"ನಕ್ಷತ್ರಾನಾ?" ಅಂದಳು ಮಿಲಾದಾ. "ನಮ್ಮಲ್ಲಾ?"

ರೇಡಿಯೊದವಳು ಚಂದವಾಗಿ ವಿವರಿಸಿದಳು. ಚೂರು ಚೂರು ಮಾಹಿತಿ, ಸಾವಿರಾರು ಮನೆ, ಜರಡಿ, ಮಿಡಿತ. ಅವನು ಇಷ್ಟು ಕಾಲ ಹೇಳದ್ದನ್ನು ಅವಳು ನಿಂತ ನಿಲುವಿನಲ್ಲೇ ಹೇಳಿ ಮುಗಿಸಿದಳು, ಮಿಲಾದಾ ತಲೆಯಾಡಿಸುತ್ತ ಕೇಳಿಸಿಕೊಂಡಳು, ಮತ್ತು ಅವಳಿಗೆ ಎಲ್ಲ ತಿಳಿಯಿತು. "ಹಾಗಾದ್ರೆ ಅದು ಸತ್ತಿದೆ, ಆದ್ರೂ ತಿರುಗ್ತಾ ಇದೆ" ಎಂದಳು. "ಇದು ಅದನ್ನ ಕೇಳಿಸ್ಕೊಂಡಿದೆ." ಡಬ್ಬದ ಮೇಲಿನ ಟವಲನ್ನು ಹೋಗಿ ತೆಗೆದಳು, ಯಾರೋ ನೆಂಟರ ತಲೆಯ ಮೇಲಿಂದ ತೆಗೆಯುವ ಹಾಗೆ.

"ಹೂಂ. ನಿಮ್ಮ ಹೆಸರು ಅವರ ಪುಟದಲ್ಲೂ ಬಂದಿದೆ ನೋಡಿ" ಎಂದು ರೇಡಿಯೊದವಳು ನಗುತ್ತ ಫೋನು ತೋರಿಸಿದಳು. "ಪೆದ್ದುಬಾತು. ನಮ್ಮ ಆಫೀಸಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರು ಯೋಚನೆ ಮಾಡಿದ್ದು ಈ ಹೆಸರನ್ನ?"

ಕತ್ತರಿ ಮಿಲಾದಾಳ ಕೈಯಲ್ಲೇ ಇತ್ತು, ಬಾಯಿ ತೆರೆದುಕೊಂಡು. ಅವಳು ಫೋನಿನ ಪರದೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕನ್ನಡಿಯನ್ನು ನೋಡಿದಳು. ಕನ್ನಡಿಯಲ್ಲಿ ಇದ್ದದ್ದು ಒಂದೇ ಮುಖ, ಬಿಳಿ ಬಟ್ಟೆಯ ಮೇಲೆ ಇಟ್ಟ ಹಾಗೆ, ಅರ್ಧ ಕತ್ತರಿಸಿದ ಕೂದಲಿನದು. ತಪ್ಪು ಒಪ್ಪಿಕೊಳ್ಳಲು ಆ ಮುಖ ಬಾಯಿ ತೆರೆಯಬೇಕಾಗಿರಲಿಲ್ಲ. ಕಿವಿಗಳು ಆಗಲೇ ಕೆಂಪಾಗಿದ್ದವು.

"ನಾನೇ" ಅಂದಳು ಮಿಲಾದಾ. "ನಾನೇ ಇಟ್ಟಿದ್ದು."

"ಒಳ್ಳೆ ತಮಾಷೆ ಮನುಷ್ಯರು ನೀವು."

"ತಮಾಷೆ ಇಲ್ಲಾಂದ್ರೆ ಈ ಕೆಲಸ ಮಾಡೋಕಾಗುತ್ತಾ, ಅಮ್ಮ? ದಿನಾ ಎಷ್ಟು ತಲೆ ನೋಡ್ತೀನಿ."

"ಯಾರೋ ಒಬ್ಬರು ಇದನ್ನ ಜೋಡಿಸಿಕೊಟ್ಟರಂತಲ್ಲ? ತಂಡದವರು?"

"ಯಾರೋ ಬಂದು ಪ್ಲಗ್ ಹಾಕಿ ಹೋದ್ರು. ಸುಮಾರು ವರ್ಷ ಆಯ್ತು."

ರೇಡಿಯೊದವಳ ಕಣ್ಣು ಕುರ್ಚಿಯ ಕಡೆಗೆ ತಿರುಗಿತು. "ಇವರು...?"

"ಇವರು ಗಿರಾಕಿ" ಅಂದಳು ಮಿಲಾದಾ. "ಕೂದಲು ಕತ್ತರಿಸೋಕೆ ಬಂದಿದಾರೆ."

ಈಗ ಮಾತಾಡು, ಎಂದು ಅವನು ತನಗೆ ಹೇಳಿಕೊಂಡ. ಡಬ್ಬ ನಂದು ಅನ್ನು. ಅಂದರೆ ಮರುಗಳಿಗೆ ಹೆಸರೂ ನಿನ್ನದಾಗುತ್ತದೆ. ಹೆಸರು ನಂದಲ್ಲ ಅಂದರೆ ಅವಳು ಸುಳ್ಳು ಹೇಳಿದಳು ಎಂದಾಗುತ್ತದೆ, ಯಾಕೆ ಹೇಳಿದಳು ಎಂದಾಗುತ್ತದೆ. ಬಾತು ಇಷ್ಟನ್ನೆಲ್ಲ ಆ ಒಂದು ಗಳಿಗೆಯಲ್ಲಿ ಯೋಚಿಸಿತೇ? ಇರಲಾರದು. ಬಾಯಿಗೆ ಬಂದದ್ದು ಅಂದಿರುತ್ತಾಳೆ. ಅವನು ಗಂಟಲು ಸರಿಮಾಡಿಕೊಂಡ. ಇಬ್ಬರು ಹೆಂಗಸರೂ ಅವನು ಏನೋ ಹೇಳುತ್ತಾನೆಂದು ತಿರುಗಿದರು. "ಸ್ವಲ್ಪ ಬಿಗಿ ಆಗಿದೆ, ಬಟ್ಟೆ" ಎಂದ.

ಕೂದಲು ಒಣಗಿಸುವ ಯಂತ್ರದ ಮೊರೆತದಲ್ಲಿ ಧ್ವನಿ ಹಿಡಿಯುವುದಿಲ್ಲ, ಹೊರಗೆ ಹೋಗೋಣ ಎಂದಳು ರೇಡಿಯೊದವಳು. ಮಿಲಾದಾ ಬಟ್ಟೆಯನ್ನು ಸಡಿಲಿಸಿ, ಒಂದು ನಿಮಿಷ ಅಂತಲೂ ಅನ್ನದೆ, ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹೋದಳು. ಗಾಜಿನಾಚೆ ರಸ್ತೆಯ ಬದಿಯಲ್ಲಿ ಅವರಿಬ್ಬರೂ ನಿಂತರು. ಅಲೋಯಿಸ್ ಕುರ್ಚಿಯಲ್ಲಿ ಕೂತು ನೋಡಿದ. ಎಡಭಾಗ ಕತ್ತರಿಸಿ ಬಲಭಾಗ ಬಿಟ್ಟ ತಲೆ ಹೊತ್ತು ಎದ್ದು ಹೊರಗೆ ಹೋಗುವ ಹಾಗಿಲ್ಲ. ಹೋದರೂ ಯಾವ ಲೆಕ್ಕದಲ್ಲಿ? ಮಿಲಾದಾ ಮೊದಲು ಕೈಕಟ್ಟಿ ನಿಂತು ಮಾತಾಡಿದಳು. ಆಮೇಲೆ ಕೈ ಬಿಚ್ಚಿದಳು. ತೋರುಬೆರಳನ್ನು ಗಾಳಿಯಲ್ಲಿ ಗಿರಗಿರ ತಿರುಗಿಸಿದಳು, ನಕ್ಷತ್ರ. ಅಂಗೈಯನ್ನು ಕಿವಿಗೆ ಹಿಡಿದಳು, ಡಬ್ಬ. ಏನೋ ಕೇಳಿದ್ದಕ್ಕೆ ತಲೆ ಹಿಂದಕ್ಕೆ ಹಾಕಿ ನಕ್ಕಳು. ಆಮೇಲೆ ರೇಡಿಯೊದವಳು ಏನನ್ನೋ ಕೇಳಿ ಮೈಕನ್ನು ಹತ್ತಿರ ಹಿಡಿದಾಗ ಮಿಲಾದಾ ನಗಲಿಲ್ಲ, ಎರಡೇ ಮಾತು ಆಡಿದಳು. ಏನು ಹೇಳಿದಳು? ಕೇಳಿದ್ದಂತೂ, ಖಂಡಿತ, ಅವನು ಇಷ್ಟು ವರ್ಷ ಕಾದಿದ್ದ ಪ್ರಶ್ನೆಯೇ, ತನ್ನನ್ನು ಯಾರಾದರೂ ಕೇಳುತ್ತಾರೆಂದು ಬಚ್ಚಲಲ್ಲಿ ಗಡ್ಡ ಹೆರೆಯುವಾಗೆಲ್ಲ ಉತ್ತರ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಪ್ರಶ್ನೆ. ಯಾಕೆ ಮಾಡಿದಿರಿ ಇದನ್ನು? ಅವನ ಉತ್ತರದಲ್ಲಿ ಮಾನವಕುಲ ಇತ್ತು, ಅನಂತ ಇತ್ತು. ಅವಳು ಎರಡು ಮಾತಿನಲ್ಲಿ ಮುಗಿಸಿದ್ದಳು. ಗಾಜು ದಪ್ಪವಾಗಿತ್ತು.

"ಯಾರಪ್ಪ ಸತ್ತಿದ್ದು?" ಅಂದಳು ಹೆದ್ವಿಕಾ.

"ಯಾರೂ ಇಲ್ಲ" ಅಂದ.

"ಹಾಗಿದ್ರೆ ಯಾಕೆ ಮುಖ ಹಾಗಿಟ್ಕೊಂಡಿದೀಯ?"

ಮಿಲಾದಾ ವಾಪಸ್ಸು ಬಂದವಳೇ ಕೈ ತೊಳೆದು ಬಲಭಾಗಕ್ಕೆ ಶುರುಮಾಡಿದಳು. ಕೈ ಒಂದಿಷ್ಟೂ ಬಿರುಸಾಗಲಿಲ್ಲ. ಬಿರುಸಾಗಲಿ, ಒಂದು ಸಲ ಕಿವಿಗೆ ತಾಗಲಿ ಎಂದು ಅವನು ಕಾದ. ಬಾಚಣಿಗೆ, ಕತ್ತರಿ, ಬಾಚಣಿಗೆ. ಹಿಂದಿನ ಸಲ ಗಮನಿಸದೆ ಬಿಟ್ಟಿದ್ದ ಹುಬ್ಬಿನ ಉದ್ದ ಕೂದಲನ್ನೂ ಕತ್ತರಿಸಿದಳು. ಇಷ್ಟು ಅಚ್ಚುಕಟ್ಟಾಗಿ ಅವಳು ಅವನಿಗೆ ಎಂದೂ ಮಾಡಿರಲಿಲ್ಲ.

"ಒಂದು ಕೇಳ್ತೀನಿ" ಅಂದಳು ಕೊನೆಗೆ. "ಆ ಹೆಸರು ಯಾವತ್ತು ಇಟ್ರಿ? ಡಬ್ಬ ತಂದ ದಿನವೇನಾ?"

"ಹೌದು... ಅವತ್ತೇ. ಅದು ಸುಮ್ಮನೆ, ಅಲ್ಲಿ ಎಲ್ಲರೂ ಹಾಗೇ, ತಮಾಷೆಗೆ ಏನಾದ್ರೂ..."

"ಅವತ್ತು ನಾನು ಗಸಗಸೆ ಹೂರಣದ ಕೊಲಾಚ್ ಬನ್ನು ಮಾಡ್ಕೊಂಡು ಬಂದಿದ್ದೆ. ನಿಮಗೋಸ್ಕರ. ತಟ್ಟೆ ತುಂಬ."

"ಹೂಂ."

"ತಿನ್ನೋಕೆ ಮೊದಲು ಇಟ್ರಾ, ತಿಂದ ಮೇಲೆ ಇಟ್ರಾ?"

ಅವನಿಗೆ ನೆನಪಿತ್ತು. ಎಡಗೈಯಲ್ಲಿ ಕೊಲಾಚ್ ಹಿಡಿದು, ಬಲಗೈಯ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದ್ದ. ಗಸಗಸೆ ಕೀಲಿಗಳ ನಡುವೆ ಉದುರಿತ್ತು, ಊದಿ ತೆಗೆದಿದ್ದ. ಇನ್ನೂ ಬೆಚ್ಚಗಿತ್ತು ಕೊಲಾಚ್. ಅವಳು ಹತ್ತಿರವೇ ನಿಂತು, ಪರದೆಯ ಕಡೆ ನೋಡಬಾರದೇನೋ ಎಂಬ ಸಂಕೋಚದಲ್ಲಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

"ನೆನಪಿಲ್ಲ" ಅಂದ.

ಅವಳು ತಲೆಯಾಡಿಸಿದಳು. ಮೆತ್ತನೆಯ ಬ್ರಷ್ಷಿನಿಂದ ಅವನ ಕತ್ತು ಝಾಡಿಸಿದಳು. ಬಟ್ಟೆ ಬಿಚ್ಚಿ ಬಾಗಿಲಾಚೆ ಕೊಡವಿದಳು. ಅವನು ದುಡ್ಡು ಇಟ್ಟ, ಅವಳು ತೆಗೆದುಕೊಂಡಳು. ಹೆದ್ವಿಕಾಳ ಗುಮ್ಮಟ ಎತ್ತಿ ಒಂದು ಸುರುಳಿ ಬಿಚ್ಚಿ, ಒಣಗಿದೆಯೇ ಎಂದು ಮುಟ್ಟಿ ನೋಡಿದಳು.

ಮೇಲೆ ಬಂದಾಗ ಇವೋನಾ ಬಾಣಲೆಯ ಮುಂದಿದ್ದಳು. ತಿರುಗಿ ಅವನ ತಲೆಯನ್ನು ನೋಡಿ, "ಪರವಾಗಿಲ್ವೇ, ಮನುಷ್ಯನ ಹಾಗೆ ಕಾಣ್ತಿದೀಯ" ಅಂದಳು. ಅವನು ನೇರವಾಗಿ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಡಬ್ಬಗಳು ಬುಸುಗುಡುತ್ತಿದ್ದವು. ಹರಟೆಕಟ್ಟೆಯಲ್ಲಿ ಜನ ಸೇರಿದ್ದರು. ಬಾತಿಗೆ ಜಯವಾಗಲಿ ಎಂದು ಹಲ್ಲಿನ ಡಾಕ್ಟರು ಬರೆದಿದ್ದ, ನಿಜವಾದ ಸಂತೋಷದಿಂದ ಬರೆದ ಹಾಗಿತ್ತು, ಅದು ಇನ್ನೂ ಅಸಹ್ಯ. ಅವನು ಆ ಮೇಲ್ ತೆರೆದ. ಉತ್ತರ ಬರೆಯುತ್ತೇನೆ ಎಂದುಕೊಂಡ. ಒಳ್ಳೆಯತನದಿಂದಲ್ಲ, ಒಳ್ಳೆಯತನ ಎಂಬ ಮಾತೇ ಅವನಿಗೆ ಪಾದ್ರಿಯ ಬಾಯಿಯ ವಾಸನೆ. ಆ ಹೆಂಗಸಿನ ಋಣ ಇಟ್ಟುಕೊಳ್ಳಬಾರದು, ಅಷ್ಟೆ. ಅವಳು ಅವನ ತಪ್ಪನ್ನು ಮುಚ್ಚಿಟ್ಟಳಲ್ಲ, ಅದಕ್ಕೆ ಬದಲು ಇದು, ಸರಿಗೆ ಸರಿ. ತನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಬರೆದ: ಖಾತೆಯ ಹೆಸರು ಒಂದು ತಪ್ಪಿನಿಂದ ಆದದ್ದು, ದಯವಿಟ್ಟು ಪುಟದಿಂದ ಅದನ್ನು ತೆಗೆಯಿರಿ, ಯಂತ್ರವನ್ನು ಇಷ್ಟು ವರ್ಷ ಜೀವಂತ ಇಟ್ಟವರ ನಿಜವಾದ ಹೆಸರು ಮಿಲಾದಾ.

ಮಿಲಾದಾ, ಮುಂದೇನು?

ಬೆರಳು ಕೀಲಿಯ ಮೇಲೆ ನಿಂತಿತು. ಅವನು ನೆನಪನ್ನು ತಡಕಿದ, ಅಲ್ಲಿ ಏನೂ ಇರಲಿಲ್ಲ. ಅಂಗಡಿಯ ಹಲಗೆಯ ಮೇಲೆ ಬರೀ ಮಿಲಾದಾ ಎಂದಿದೆ. ಅವಳು ಈ ಕಟ್ಟಡದಲ್ಲಿ ವಾಸವಿಲ್ಲ, ಯಾವುದೋ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಯಾವ ಹಳ್ಳಿ? ಗಂಡ ಇದ್ದಾನೋ, ಸತ್ತನೋ, ಬಿಟ್ಟನೋ? ಪ್ರತಿ ತಿಂಗಳೂ ಅವಳು ಕತ್ತರಿ ಆಡಿಸುತ್ತ ಇದನ್ನೆಲ್ಲ ಹೇಳಿಯೇ ಇರಬೇಕು, ಅವಳ ಬಾಯಿ ನಿಲ್ಲುವ ಬಾಯಿಯೇ ಅಲ್ಲ. ಅವನು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದ. ಆಕಾಶದ ಯಾವುದೋ ಮೂಲೆಯ ಅಂಕಿಗಳನ್ನು ಬಾಯಿಪಾಠ ಹೇಳಬಲ್ಲವನಿಗೆ, ತಾನು ತಲೆ ಒಪ್ಪಿಸುತ್ತಿದ್ದ ಹೆಂಗಸಿನ ಮನೆತನದ ಹೆಸರು ಗೊತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಇವೋನಾಳನ್ನು ಕೇಳಬಹುದಿತ್ತು. ಕೇಳಿದರೆ ಯಾಕೆ ಎನ್ನುತ್ತಾಳೆ, ಆಮೇಲೆ ಎಲ್ಲವನ್ನೂ ಬಾಯಿಬಿಡಿಸುತ್ತಾಳೆ, ಆಮೇಲೆ ಊಟದುದ್ದಕ್ಕೂ ಬಾತಿನ ಧ್ವನಿ ಮಾಡುತ್ತಾಳೆ. ಅವನು ಕಾಲಿಗೆ ಸಿಕ್ಕ ಮನೆ ಚಪ್ಪಲಿಯಲ್ಲೇ ಮತ್ತೆ ಮೆಟ್ಟಿಲಿಳಿದ.

ಶನಿವಾರ ಅರ್ಧ ದಿನ. ಮಿಲಾದಾ ದೀಪ ಆರಿಸಿ, ಕೋಟು ಹಾಕಿಕೊಂಡು, ಹೊರಗೆ ನಿಂತು ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಗಾಜಿನೊಳಗೆ ಕತ್ತಲೆ, ಮೂಲೆಯಲ್ಲಿ ಡಬ್ಬದ ಹಸಿರು ಚುಕ್ಕೆ ಮಾತ್ರ ಉರಿಯುತ್ತಿತ್ತು. ಅದನ್ನು ಅವಳು ಇವತ್ತು ಆರಿಸಿರಲಿಲ್ಲ. ಅವನು ಮೆಟ್ಟಿಲ ಬುಡದಲ್ಲಿ ನಿಂತ. ಇನ್ನೊಂದಿಷ್ಟು ಹೊತ್ತು ಹೀಗೇ ನಿಂತರೆ ಅವಳು ಹೋಗಿಬಿಡುತ್ತಾಳೆ, ಬಸ್ಸು ಬಂದುಬಿಡುತ್ತದೆ ಎಂದು ಲೆಕ್ಕ ಹಾಕಿದ. ಕಾಲು ಆ ಲೆಕ್ಕ ಕೇಳಲಿಲ್ಲ.

"ಒಂದು ನಿಮಿಷ" ಅಂದ. "ಆ ವಿಜ್ಞಾನಿಗಳಿಗೆ ಬರೀತಾ ಇದೀನಿ. ಹೆಸರು ಸರಿಮಾಡಿಸೋಕೆ. ನಿಮ್ಮ ಹೆಸರು ಪೂರ್ತಿ ಬೇಕು. ಮಿಲಾದಾ... ಮುಂದೆ?"

ಅವಳು ಬೀಗವನ್ನು ಒಂದು ಸಲ ಎಳೆದು ನೋಡಿದಳು. ಕೈಚೀಲವನ್ನು ಹೆಗಲಿಗೇರಿಸಿದಳು. ಅವನ ಮುಖವನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು, ತಾನೇ ಕತ್ತರಿಸಿದ ತಲೆಯನ್ನೂ ಒಮ್ಮೆ ನೋಡಿದಳು, ಎರಡೂ ಬದಿ ಸಮವಾಗಿದೆಯೇ ಎಂದು ನೋಡುವ ಹಾಗೆ.

"ಸೋಮವಾರ ರೇಡಿಯೊದಲ್ಲಿ ಹೇಳ್ತಾರೆ" ಅಂದಳು. "ಕೇಳಿಸ್ಕೊಳ್ಳಿ."

ಬಸ್ ನಿಲ್ದಾಣದ ಕಡೆಗೆ ಹೊರಟುಹೋದಳು.